ತೊಟ್ಟಿಯ ಮುಂದೆ ನಿಂತವರು

ಜೂನ್ 9

ತಂಗೀ,

ಫೋನಿನ ಬದಲು ಕಾಗದ ಬಂತಲ್ಲ ಎಂದು ಗಾಬರಿಯಾಗಬೇಡ. ಏನೂ ಆಗಿಲ್ಲ. ನನ್ನ ಕೋಣೆಯ ಗೋಡೆಗೆ ಒತ್ತಿಕೊಂಡಂತೆ ಒಂದು ಕಂಪ್ರೆಸರ್ ಕೂರಿಸಿದ್ದಾರೆ. ಅದರ ಗುಡುಗಿನಲ್ಲಿ ನೀನು ಹೇಳಿದ್ದು ನನಗೆ ಕೇಳುವುದಿಲ್ಲ, ನಾನು ಹೇಳಿದ್ದು ನಿನಗೆ ತಿಳಿಯುವುದಿಲ್ಲ. ಕೆಲಸದ ಜಾಗಕ್ಕೆ ಫೋನ್ ಒಯ್ಯುವ ಹಾಗೂ ಇಲ್ಲ. ಹಾಗಾಗಿ ಇನ್ನು ಮುಂದೆ ಬರೆಯುತ್ತೇನೆ. ನೀನೂ ಬರಿ. ಅಕ್ಷರ ಮರೆತು ಹೋಗಿದ್ದರೆ ಮಗಳು ಕಡ್ಡಿಯ ಕೈಲಿ ಬರೆಸು.

ಅವಳ ಪರೀಕ್ಷೆ ಮುಗಿಯಿತೇ? ಈಗಲಾದರೂ ಸ್ವಲ್ಪ ಮೈ ತುಂಬಿಕೊಂಡಿದ್ದಾಳೋ, ಇನ್ನೂ ಕಡ್ಡಿಯೇ ಆಗಿದ್ದಾಳೋ? ಹೋದ ಸಲ ನಾನು ಊರಿಗೆ ಬಂದಾಗ ಕೇಳಿದ್ದಳು, ವಿಮಾನಕ್ಕೆ ನೀವು ಏನು ಮಾಡ್ತೀರಿ ಮಾವ ಅಂತ. ಆಗ ಏನೋ ಹೇಳಿ ಹಾರಿಸಿಬಿಟ್ಟೆ. ಅವಳಿಗೆ ಹೇಳು: ವಿಮಾನ ಇಳಿಯುವಾಗ ಅದರ ಭಾರವೆಲ್ಲ ಚಕ್ರದ ಮೇಲಿನ ಕಾಲುಗಳ ಮೇಲೆ ಬೀಳುತ್ತದೆ. ಆ ಕಾಲಿನೊಳಗೆ ಉಕ್ಕಿನ ದಂಡವೊಂದು ಮೇಲೆ ಕೆಳಗೆ ಜಾರುತ್ತಿರುತ್ತದೆ. ಅದಕ್ಕೆ ತುಕ್ಕು ಹಿಡಿಯಬಾರದು, ಅದು ಸವೆಯಬಾರದು. ಅದಕ್ಕೇ ಅದನ್ನು ಕ್ರೋಮ್ ತೊಟ್ಟಿಯಲ್ಲಿ ಇಳಿಬಿಟ್ಟು, ಕರೆಂಟ್ ಹಾಯಿಸಿ ಲೇಪ ಕೂರಿಸುತ್ತೇವೆ. ಆಮೇಲೆ ಭಟ್ಟಿಯಲ್ಲಿ ಕಾಯಿಸಿ, ಅರೆದು, ಮುಖ ಕಾಣುವವರೆಗೆ ಉಜ್ಜುತ್ತೇವೆ. ತೊಟ್ಟಿ ನನ್ನದು. ಉಜ್ಜುವವರು ಬೇರೆ.

ನಮ್ಮ ಮೇಸ್ತ್ರಿ ಮೀಸೆ ಚೆನ್ನಾಗಿದ್ದಾನೆ. ಮೀಸೆ ಬೋಳಿಸಿ ಎಷ್ಟೋ ವರ್ಷವಾಯಿತು, ಹೆಸರು ಮಾತ್ರ ಮುಖಕ್ಕೆ ಅಂಟಿಕೊಂಡಿದೆ.

ನಿನ್ನ ಅಣ್ಣ


ಜೂನ್ 28

ಅಣ್ಣಾ,

ಅಂಚೆಯವನು ನಿನ್ನ ಕಾಗದ ಹಿಡಿದುಕೊಂಡು ಓಣಿಯಲ್ಲಿ ನಾಲ್ಕು ಮನೆ ಕೇಳಿಕೊಂಡು ಬಂದ. ಈ ಕಾಲದಲ್ಲಿ ಯಾರಮ್ಮಾ ನಿಮಗೆ ಕಾಗದ ಬರೆಯೋರು ಅಂತ ನಗುತ್ತಿದ್ದ. ನಿಜ ಹೇಳು, ಕೋಣೆಯಲ್ಲಿ ಇರುವುದು ಕಂಪ್ರೆಸರೋ, ಅತ್ತಿಗೆಯೋ? ಈ ವಯಸ್ಸಿನಲ್ಲಾದರೂ ಒಬ್ಬಳು ಸಿಕ್ಕಿದ್ದರೆ ನನಗೆ ಹೊಟ್ಟೆಕಿಚ್ಚಿಲ್ಲಪ್ಪ. ಫೋನಿನಲ್ಲಿ ಅವಳ ಬಳೆ ಸದ್ದು ಕೇಳಿಸುತ್ತದೆ ಅಂತ ತಾನೇ ಈ ನಾಟಕ?

ನನ್ನ ಹೊಲಿಗೆ ನಡೆದಿದೆ. ಈ ಸಲ ಆಸ್ಪತ್ರೆಯ ದಿಂಬುಗವಸು. ಹೊಲಿದದ್ದೇ ಹೊಲಿದದ್ದು, ಕನಸಿನಲ್ಲೂ ಬಿಳೀ ಬಟ್ಟೆಯೇ ಬರುತ್ತದೆ.

ಈಗ ಸಿಹಿ ಸುದ್ದಿ. ಕಡ್ಡಿ ಪಾಸಾದಳು. ಎರಡು ವರ್ಷದ ಕೈಗಾರಿಕಾ ತರಬೇತಿಯಲ್ಲಿ ಅವಳ ತಂಡಕ್ಕೇ ಅವಳು ಮೊದಲು. ನಿನ್ನ ಕಾಗದ ಅವಳೇ ಓದಿದ್ದು. ತೊಟ್ಟಿ, ಕರೆಂಟ್, ಭಟ್ಟಿ ಎಂದು ನನಗೆ ಮತ್ತೊಮ್ಮೆ ಪಾಠ ಮಾಡಿದಳು. "ಅಮ್ಮ, ನಾನು ಮಾವನ ಫ್ಯಾಕ್ಟರಿಗೇ ಹೋಗ್ತೀನಿ. ಮಾವ ಒಂದು ಮಾತು ಹೇಳಿದ್ರೆ ಸಾಕು" ಅನ್ನುತ್ತಿದ್ದಾಳೆ. ಅವಳ ಅಪ್ಪ ಹೋದ ಮೇಲೆ ಅವಳಿಗೆ ಅಪ್ಪನ ಕಡೆಯದೂ ನೀನೇ, ನನ್ನ ಕಡೆಯದೂ ನೀನೇ. ನಿನ್ನ ಕಣ್ಣ ಮುಂದೆ ಇರುತ್ತಾಳೆ ಎಂದರೆ ನನಗೂ ನಿದ್ದೆ ಬರುತ್ತದೆ. ನಿನ್ನ ಮೀಸೆಯ ಕಿವಿಗೆ ಒಂದು ಮಾತು ಹಾಕು.

ತಂಗಿ


ಜುಲೈ 20

ತಂಗೀ,

ಕಡ್ಡಿ ಪಾಸಾದದ್ದು ಕೇಳಿ ಸಂತೋಷವಾಯಿತು.

ಇಲ್ಲಿಗೆ ಬರುವುದು ಬೇಡ. ಇಲ್ಲಿ ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲ. ಅವಳು ಮುಂದಕ್ಕೆ ಓದಲಿ. ಬುದ್ಧಿ ಇರುವ ಹುಡುಗಿ, ಮೇಷ್ಟರಾಗಲಿ, ಕಚೇರಿ ಸೇರಲಿ. ಈ ವಿಷಯ ಮತ್ತೆ ಎತ್ತಬೇಡ.

ಅಣ್ಣ


ಆಗಸ್ಟ್ 4

ಅಣ್ಣಾ,

ಎತ್ತಬೇಡ ಅಂದೆ. ಎತ್ತುತ್ತಿದ್ದೇನೆ.

ಕಡ್ಡಿ ಕಲಿತ ಶಾಲೆಯ ಗೋಡೆಗೆ ನಿನ್ನ ಫ್ಯಾಕ್ಟರಿಯ ಪ್ರಕಟಣೆ ಅಂಟಿಸಿದ್ದಾರೆ. ಹೊಸಬರು ಬೇಕು, ಹೆಣ್ಣುಮಕ್ಕಳೂ ಬರಬಹುದು ಅಂತ ದಪ್ಪ ಅಕ್ಷರದಲ್ಲಿದೆ. ಅವಳು ಅದನ್ನು ಓದಿ ಮನೆಗೆ ಬಂದಳು. ತಟ್ಟೆಯ ಮುಂದೆ ಕೂತು, "ಮಾವನಿಗೆ ನಾನು ಅಲ್ಲಿಗೆ ಬರೋದು ಇಷ್ಟ ಇಲ್ಲ ಅಂತ ನೇರವಾಗಿ ಹೇಳಬಹುದಿತ್ತಲ್ಲಮ್ಮ" ಎಂದಳು. ಅಷ್ಟೇ. ಊಟ ಬಿಟ್ಟು ಎದ್ದಳು.

ನನಗೆ ತಡೆಯಲಾಗಲಿಲ್ಲ. ನಿನ್ನ ಫ್ಯಾಕ್ಟರಿಯ ಗೇಟಿಗೆ ಫೋನ್ ಮಾಡಿ, ಅಣ್ಣನನ್ನು ಕರೀರಿ ಅಂದೆ. ಕಾವಲಿನವನು ಹೋಗಿ ಯಾರನ್ನೋ ಕರೆತಂದ. ಅವನು ಮೂಗಿನಲ್ಲಿ ಮಾತಾಡುವ ಮನುಷ್ಯ. ಒಂದೊಂದು ಮಾತಿಗೂ ಒಳಗೆಲ್ಲೋ ಸೀಟಿ ಊದಿದ ಹಾಗೆ ಕೇಳುತ್ತಿತ್ತು. "ಹಲೋ, ಯಾರು?" ಅಂದ. ನನಗೆ ನನ್ನ ಅಣ್ಣ ಬೇಕು, ನೀವಲ್ಲ ಎಂದು ಇಟ್ಟುಬಿಟ್ಟೆ. ಗೇಟಿನವರೆಗೆ ಬರುವುದಕ್ಕೂ ನಿನಗೆ ಪುರುಸೊತ್ತಿಲ್ಲ, ಯಾರನ್ನೋ ಕಳಿಸುತ್ತೀಯ.

ನಾವು ಹತ್ತಿರ ಬರುವುದು ನಿನಗೆ ಬೇಡವಾಗಿದ್ದರೆ ಹೇಳು. ನಮಗೂ ಮಾನ ಇದೆ.

ತಂಗಿ


ಆಗಸ್ಟ್ 25

ತಂಗೀ,

ನಿನ್ನ ಕಾಗದ ಓದಿದೆ. ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ.

ಅವತ್ತು ಫೋನಿಗೆ ಬಂದವನು ನನ್ನ ಜೊತೆ ಕೆಲಸ ಮಾಡುವವನು. ಅವನಿಗೆ ನೆಗಡಿಯಾಗಿತ್ತು. ನಾನು ತೊಟ್ಟಿ ಬಿಟ್ಟು ಬರುವ ಹಾಗಿರಲಿಲ್ಲ.

ಹುಡುಗಿ ಇಲ್ಲಿಗೆ ಬೇಡ ಎಂದದ್ದಕ್ಕೆ ಕಾರಣ ಇದೆ. ಇಲ್ಲಿನ ಗಂಡಸರ ಬಾಯಿ ಚೆನ್ನಾಗಿಲ್ಲ. ಇಂಥ ಕಡೆ ಹೆಣ್ಣುಮಗಳು ಸೇರಿದರೆ ಹೆಸರು ಕೆಡಲು ಹೊತ್ತು ಬೇಕಾಗುವುದಿಲ್ಲ. ಇನ್ನೇನೂ ಕೇಳಬೇಡ.

ಒಂದು ಒಳ್ಳೆಯ ಸುದ್ದಿ ಬರೆಯುತ್ತೇನೆ. ನಮ್ಮಲ್ಲಿ ಕ್ರೋಮ್ ತೊಟ್ಟಿಯನ್ನು ಮುಚ್ಚುತ್ತಿದ್ದಾರೆ. ಸರ್ಕಾರದವರು ಕಾರ್ಖಾನೆಯೊಳಗಿನ ಗಾಳಿಯ ನಿಯಮ ಬಿಗಿ ಮಾಡಿದ್ದಾರಂತೆ. ಹೊಸ ಯಂತ್ರ ಹಾಕಿಸುವುದಕ್ಕಿಂತ ಲೇಪದ ಕೆಲಸವನ್ನು ಹೊರಗೆ ಕೊಟ್ಟರೆ ವಾಸಿ ಎಂದು ಮೇಲಿನವರ ಲೆಕ್ಕ. ಇನ್ನು ಮೇಲೆ ನನ್ನದು ಉಜ್ಜುವ ಬೆಂಚು. ನನಗೆ ಎಷ್ಟೋ ಹಗುರವಾಗಿದೆ. ಕೊನೆಯ ದಿನ ತೊಟ್ಟಿಯ ಮೇಲೆ ತಗಡು ಹಾಸುವಾಗ ಮೀಸೆ, "ಹೆಣಕ್ಕೆ ಮುಸುಕು ಹಾಕಿದ ಹಾಗೆ ಹಾಕ್ಬೇಡ್ರೋ, ನಗ್ತಾ ಹಾಕ್ರೋ" ಎಂದ. ಯಾರಿಗೂ ನಗು ಬರಲಿಲ್ಲ, ನನಗೊಬ್ಬನಿಗೆ ಬಂತು.

ಅಣ್ಣ


ಸೆಪ್ಟೆಂಬರ್ 16

ಅಣ್ಣನಿಗೆ,

ನಿನ್ನ ಕಾಗದ ತಲುಪಿತು. ಕಡ್ಡಿಯ ಹೆಸರಿನ ಚಿಂತೆ ನಿನಗೆ ಬೇಡ. ನೀನು ಹೇಳಿದ ಹಾಗೆ ಅವಳು ಮುಂದಕ್ಕೆ ಓದಲು ಬೇರೆ ಊರಿಗೆ ಹೋದಳು. ಹಾಸ್ಟೆಲಿನಲ್ಲಿದ್ದಾಳೆ.

ತಂಗಿ


ಡಿಸೆಂಬರ್ 3

ತಂಗೀ,

ಆಮೇಲೆ ನೀನು ಬರೆಯಲಿಲ್ಲ. ನಾನೂ ಬರೆಯಲಿಲ್ಲ. ಕಡ್ಡಿ ಓದುತ್ತಿದ್ದಾಳೆ ಎಂಬುದೊಂದೇ ಸಮಾಧಾನದಲ್ಲಿ ಇಷ್ಟು ತಿಂಗಳು ಕಳೆದೆ. ಅವಳು ಈ ಕಡೆ ಬರುವ ಮಾತು ಮುಗಿದಿರುವುದರಿಂದ ಈಗ ಹೇಳಿದರೆ ಅಡ್ಡಿಯಿಲ್ಲ ಎನಿಸಿತು.

ಕಂಪ್ರೆಸರ್ ಇರಲಿಲ್ಲ. ಅವತ್ತು ಫೋನಿಗೆ ಬಂದವನು ನಾನೇ.

ಕ್ರೋಮ್ ತೊಟ್ಟಿ ಕುದಿಯುವುದಿಲ್ಲ, ಆದರೆ ಕರೆಂಟ್ ಹರಿದಾಗ ನೊರೆಯೇಳುತ್ತದೆ. ಆ ನೊರೆ ಒಡೆದು ಸಣ್ಣ ಹನಿಗಳ ಮಂಜು ಮೇಲೇಳುತ್ತದೆ. ಅದು ಆಮ್ಲ. ಗಾಳಿ ಎಳೆಯುವ ಕೊಳವೆ ಸರಿಯಾಗಿ ಕೆಲಸ ಮಾಡಿದರೆ ಎಲ್ಲ ಹೊರಗೆ ಹೋಗುತ್ತದೆ. ನಮ್ಮಲ್ಲಿ ಅದು ಕೆಲವು ವರ್ಷ ಎಳೆಯುತ್ತಿತ್ತು, ಕೆಲವು ವರ್ಷ ಸದ್ದು ಮಾತ್ರ ಮಾಡುತ್ತಿತ್ತು. ಮೊದಲು ನನಗೆ ಮೂಗಿನಲ್ಲಿ ಹಕ್ಕಳೆ ಕಟ್ಟುತ್ತಿತ್ತು. ರಕ್ತ ಬರುತ್ತಿತ್ತು. ಆಮೇಲೆ ಅದೂ ನಿಂತಿತು. ವಾಸಿಯಾಯಿತು ಎಂದುಕೊಂಡೆ. ಎರಡು ಹೊಳ್ಳೆಗಳ ನಡುವಿನ ಗೋಡೆ ತೂತಾಗಿತ್ತು, ಇನ್ನು ರಕ್ತ ಬರಲು ಅಲ್ಲಿ ಏನೂ ಉಳಿದಿರಲಿಲ್ಲ. ಆ ತೂತು ದೊಡ್ಡದಾಗಿ, ವಾಸನೆ ತಿಳಿಯುವುದೂ ಹೋಗಿ, ಈಗ ಉಸಿರಾಡಿದರೂ ಸೀಟಿ, ಮಾತಾಡಿದರೂ ಸೀಟಿ. ಫೋನಿನಲ್ಲಿ ನೀನು ಕೇಳಿದರೆ ಏನು ಹೇಳಲಿ ಎಂದು ಕಾಗದಕ್ಕೆ ಬಂದೆ. ಅವತ್ತು ನೀನು ನನ್ನನ್ನು ಗುರುತಿಸದೆ ಫೋನ್ ಇಟ್ಟಾಗ ಬದುಕಿದೆ ಅನ್ನಿಸಿತು. ಗೇಟಿನಿಂದ ಒಳಗೆ ನಡೆಯುತ್ತಾ ಹೋದ ಹಾಗೆ ಬೇರೆ ಥರ ಅನ್ನಿಸಿತು.

ಈಗ ಎದೆಯ ಚಿತ್ರದಲ್ಲಿ ಎಡಗಡೆ ಒಂದು ನೆರಳು ಕಂಡಿದೆ. ಡಾಕ್ಟರು ಚೂರು ತೆಗೆದು ನೋಡಬೇಕು ಅಂದಿದ್ದಾರೆ. ನೋಡಲಿ. ನೀನು ಓಡಿಬರಬೇಡ.

ನಾನು ಉಜ್ಜುವ ಬೆಂಚಿನಲ್ಲಿ ಚೆನ್ನಾಗಿದ್ದೇನೆ. ಹೊರಗಿನಿಂದ ಲೇಪವಾಗಿ ಬರುವ ದಂಡಗಳು ಮೊದಮೊದಲು ಗಂಟುಗಂಟಾಗಿ ಬರುತ್ತಿದ್ದವು. ಈಚೆಗೆ ಎಷ್ಟು ಸಮನಾಗಿ ಬರುತ್ತಿವೆ ಎಂದರೆ ನಮಗೆ ಅರೆಯುವ ಕೆಲಸವೇ ಕಡಿಮೆ. ಅಲ್ಲಿ ಯಾರೋ ಒಳ್ಳೆಯ ಕೈ ಇರುವವರು ಸೇರಿದ್ದಾರೆ ಎಂದು ಮೀಸೆಗೆ ಹೇಳಿದೆ.

ಅಣ್ಣ


ಡಿಸೆಂಬರ್ 11

ಅಣ್ಣಾ,

ನಿನ್ನ ಕಾಗದವನ್ನು ಎರಡೆರಡು ಸಲ ಓದಿದೆ. ನಿನಗೆ ಬೈಯಲೋ, ನನಗೆ ಬೈದುಕೊಳ್ಳಲೋ ತಿಳಿಯುತ್ತಿಲ್ಲ. ಅಣ್ಣನ ಧ್ವನಿ ತಂಗಿಗೆ ತಿಳಿಯಲಿಲ್ಲ ಎಂದರೆ ನಾನೆಂಥವಳು. ಅದನ್ನು ಆಮೇಲೆ ಅಳುತ್ತೇನೆ. ಈಗ ಬೇರೆ ಇದೆ.

ಕಡ್ಡಿ ಓದುತ್ತಿಲ್ಲ. ಹೆಸರು ಕೆಡುತ್ತದೆ ಎಂದು ನೀನು ಬರೆದೆಯಲ್ಲ, ಅದು ಅವಳಿಗೆ ನಾಟಿತು. ಅವಳ ಮೇಷ್ಟರೇ ಒಂದು ಸಣ್ಣ ಕಾರ್ಖಾನೆಯಲ್ಲಿ ಜಾಗ ಹೇಳಿದರು. ವಿಮಾನದ ಭಾಗಗಳಿಗೆ ಲೇಪ ಹಾಕುವ ಜಾಗ. ಮಾವನಿಗೆ ಹೇಳಬೇಡ, ಚೆನ್ನಾಗಿ ಕಲಿತು ಆಮೇಲೆ ನಾನೇ ಎದುರಿಗೆ ಹೋಗಿ ನಿಲ್ತೀನಿ ಅಂದಳು. ನನಗೂ ನಿನ್ನ ಮೇಲೆ ಸಿಟ್ಟಿತ್ತು. ಹೂಂ ಅಂದೆ.

ಹೋದ ತಿಂಗಳು ಮನೆಗೆ ಬಂದಿದ್ದಳು. ಮೂಗಿನಲ್ಲಿ ರಕ್ತ ಬಂತು. ಉಷ್ಣ, ನೀರು ಕುಡಿಯೋದಿಲ್ಲ ನೀನು ಎಂದು ಬೈದೆ. ಮಾರನೆಯ ದಿನ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಒಲೆಯ ಮೇಲೆ ಹಾಲು ತಳ ಹಿಡಿದು ಸೀದು ಕರಕಲಾಗಿ, ಪಕ್ಕದ ಮನೆಯವರು ಓಡಿಬಂದರು. ಅವಳು ಒಲೆಯಿಂದ ಎರಡು ಮಾರು ದೂರದಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. "ಎಲ್ಲಿ ಮನಸ್ಸು ಇಟ್ಟಿದ್ದೀಯೆ?" ಅಂದೆ. "ಗೊತ್ತೇ ಆಗ್ಲಿಲ್ಲಮ್ಮ" ಅಂದಳು. ಪ್ರೀತಿ ಗೀತಿ ಇರಬೇಕು ಎಂದುಕೊಂಡು ಒಳಗೊಳಗೇ ನಕ್ಕೆ. ನಕ್ಕೆ ಅಣ್ಣ.

ನಿನ್ನ ಕಾಗದ ಬಂದ ಕೂಡಲೇ ಫೋನ್ ಮಾಡಿ ಬಿಟ್ಟು ಬಾ ಎಂದೆ. ಹೆದರಿಸಬೇಡಮ್ಮ, ಇಲ್ಲಿ ಎಲ್ಲರಿಗೂ ಹಾಗೇ ಆಗುತ್ತೆ, ಆಮೇಲೆ ಸರಿಹೋಗುತ್ತಂತೆ ಎಂದಳು. ನನ್ನ ಮಾತು ಅವಳಿಗೆ ತಾಗುವುದಿಲ್ಲ. ನೀನು ಹೋಗು. ವಿಳಾಸ ಕೆಳಗಿದೆ. ನಿನ್ನ ಮೈ ಸರಿಯಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ.

ತಂಗಿ


ಡಿಸೆಂಬರ್ 29

ತಂಗೀ,

ಹೋಗಿಬಂದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಟೈಲ್ಸ್ ಗೋದಾಮಿನ ಹಿಂದೆ ತಗಡಿನ ಶೆಡ್ಡು ಅದು. ಬಾಗಿಲು ದಾಟುವಾಗಲೇ ನಾಲಗೆಗೆ ಲೋಹದ ರುಚಿ ಹತ್ತಿತು. ವಾಸನೆ ನನಗೆ ಬರುವುದಿಲ್ಲ, ರುಚಿ ಬರುತ್ತದೆ. ಒಳಗೆ ಮೂರು ತೊಟ್ಟಿ. ಗಾಳಿ ಎಳೆಯುವ ಕೊಳವೆ ಇದೆ, ಫ್ಯಾನೂ ಇದೆ. ಫ್ಯಾನಿನ ಬೆಲ್ಟನ್ನು ಕಳಚಿ ಗೋಡೆಯ ಮೊಳೆಗೆ ನೇತುಹಾಕಿದ್ದರು. ಯಾಕೆ ಎಂದು ಅಲ್ಲಿದ್ದವನನ್ನು ಕೇಳಿದೆ. "ಗಾಳಿ ಎಳೆದ್ರೆ ತೊಟ್ಟಿ ತಣ್ಣಗಾಗುತ್ತೆ ಸಾರ್, ಕಾಯಿಸೋಕೆ ಜಾಸ್ತಿ ಕರೆಂಟು" ಅಂದ. ಹವಾಮಾನದ ಸುದ್ದಿ ಹೇಳಿದ ಹಾಗೆ ಹೇಳಿದ.

ಕಡ್ಡಿ ನನ್ನನ್ನು ಕಂಡು ಓಡಿಬಂದಳು. ಕಣಕಾಲು ಮುಟ್ಟುವ ರಬ್ಬರ್ ಏಪ್ರನ್ನಿನಲ್ಲಿ ಇನ್ನೂ ತೆಳ್ಳಗೆ ಕಾಣುತ್ತಿದ್ದಳು. ಸಿಟ್ಟು ನೆನಪಾಗುವ ಮೊದಲು ಖುಷಿ ಬಂದುಬಿಟ್ಟಿತು ಅವಳಿಗೆ. "ಮಾವ, ಬನ್ನಿ, ಇದು ನಂದು ನೋಡಿ" ಎಂದು ಒಂದು ದಂಡದ ಮುಂದೆ ನಿಲ್ಲಿಸಿದಳು. ತುದಿಗೆ ತಂತಿಯಲ್ಲಿ ಕಟ್ಟಿದ ಚೀಟಿ ನೋಡಿದೆ. ನಮ್ಮ ಫ್ಯಾಕ್ಟರಿಯದು. ನಾನು ಮೀಸೆಯ ಹತ್ತಿರ ಹೊಗಳಿದ ಕೈ ಅವಳದು. ನಮ್ಮಲ್ಲಿ ತೊಟ್ಟಿ ಮುಚ್ಚಿದರು ಎಂದು ನಾನು ನಕ್ಕೆನಲ್ಲ, ಅದು ಮುಚ್ಚಿರಲಿಲ್ಲ ತಂಗಿ. ಇವಳ ಮುಂದೆ ತಂದು ಇಟ್ಟಿದ್ದರು.

ಸಂಜೆ ಅವಳ ಕೋಣೆಗೆ ಹೋದೆವು. ಅವಳನ್ನೂ ಸೇರಿಸಿ ನಾಲ್ಕು ಹುಡುಗಿಯರು, ನಾಲ್ಕು ಚಾಪೆ. ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ನಾನು ಮಾತು ಶುರು ಮಾಡುವ ಮೊದಲೇ ಅವಳು ಕೇಳಿದಳು.

"ಅಮ್ಮ ಕಳಿಸಿದ್ದಾ?"

"ಹೌದು. ಈ ಕೆಲಸ ಬಿಡು."

"ನಿಮ್ಮ ಫ್ಯಾಕ್ಟರಿಗೆ ಬೇಡ ಅಂದ್ರಿ. ಈಗ ಇಲ್ಲೂ ಬೇಡ ಅಂತೀರಿ. ಹೆಸರು ಕೆಡುತ್ತೆ ಅಂದ್ರಿ. ಅದನ್ನ ಓದಿದ ದಿನಾನೇ ನಾನು ಇಲ್ಲಿಗೆ ಅರ್ಜಿ ಹಾಕಿದ್ದು ಮಾವ. ನೀವು ಆಗ್ಲೇ ನಿಜ ಹೇಳಿದ್ದಿದ್ರೆ ಹಾಕ್ತಾನೇ ಇರ್ಲಿಲ್ಲ."

ಚೀಲಕ್ಕೆ ಕೈ ಹಾಕಿದೆ. ಟಾರ್ಚ್ ಒಂದನ್ನು ಅವಳ ಕೈಗೆ ಕೊಟ್ಟೆ. ನನ್ನ ಒಂದು ಹೊಳ್ಳೆಗೆ ಬೆಳಕು ಹಿಡಿ, ಇನ್ನೊಂದರಿಂದ ನೋಡು ಎಂದೆ. ಹಿಡಿದಳು. ನೋಡಿದಳು. ಟಾರ್ಚ್ ಆರಿಸುವುದನ್ನು ಮರೆತು ಹಾಗೇ ಕೂತಳು.

"ನೋಯುತ್ತಾ ಮಾವ?"

"ಇಲ್ಲ. ನೋಯೋದಿಲ್ಲ. ಅದಕ್ಕೇ ಯಾರಿಗೂ ತಿಳಿಯೋದಿಲ್ಲ."

ಆಮೇಲೆ ತನ್ನದನ್ನು ನೋಡಿ ಎಂದಳು. ನೋಡಿದೆ. ಹುಣ್ಣಾಗಿದೆ, ಗೋಡೆ ತೆಳ್ಳಗಾಗಿದೆ. ಬೆಳಕು ದಾಟಲಿಲ್ಲ, ಕೆಂಪಗೆ ಕಂಡು ಅಲ್ಲೇ ನಿಂತಿತು. ಈಗ ಬಿಟ್ಟರೆ ಮಾಯುತ್ತದೆ ಎಂದೆ. ಅವಳು ಎದ್ದು ಉಳಿದ ಮೂವರನ್ನೂ ಸಾಲಾಗಿ ಕೂರಿಸಿದಳು. ಅವರಿಗೆ ಅದು ಆಟದ ಹಾಗಿತ್ತು, ಒಬ್ಬರನ್ನೊಬ್ಬರು ತಳ್ಳಿಕೊಂಡು ನಗುತ್ತಿದ್ದರು. ಇಬ್ಬರದು ಕಡ್ಡಿಯ ಹಾಗೇ ಇತ್ತು. ಮೂರನೆಯವಳಿಗೆ ಉದ್ದಜಡೆ ಎಂದು ಕರೆಯುತ್ತಾರೆ. ಅವಳದರಲ್ಲಿ ಬೆಳಕು ಈ ಕಡೆ ಬಂತು.

"ಏನ್ ಕಾಣ್ತು ಮಾವ?" ಎಂದಳು. ಅವಳೂ ನನ್ನನ್ನು ಮಾವ ಅನ್ನುತ್ತಾಳೆ. ನಾನು ಕಡ್ಡಿಯ ಮುಖ ನೋಡಿದೆ. ಕಡ್ಡಿಯೇ ಹೇಳಿದಳು, "ತೂತಾಗಿದೆ ಕಣೆ."

"ಹಂಗಾದ್ರೆ ಮೂಗುತಿನ ಒಳಗಿಂದಾನೇ ಹಾಕ್ಕೋಬಹುದು" ಎಂದು ಉದ್ದಜಡೆ ನಕ್ಕಳು. ಬೇರೆ ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೂ ನಿಲ್ಲಿಸಿದಳು.

ಕಡ್ಡಿ ನನ್ನ ಜೊತೆ ಹೊರಡಲಿಲ್ಲ. ಕೈಯಲ್ಲಿರುವುದನ್ನು ಮುಗಿಸಿ, ಇವರ ಜೊತೆ ಮಾತಾಡಿ ಬರುತ್ತೇನೆ ಎಂದಳು. ಬರುತ್ತಾಳೆ ಎಂದು ನನಗೆ ನಂಬಿಕೆ ಇದೆ. ಬಂದ ಕೂಡಲೇ ಬರಿ.

ನನ್ನ ಪರೀಕ್ಷೆಯ ಫಲಿತಾಂಶವೂ ಬಂತು. ಗೆಡ್ಡೆ ಒಳ್ಳೆಯದಲ್ಲ. ಔಷಧ ಶುರು ಮಾಡಿದ್ದಾರೆ. ಈ ಸಲ ಮುಚ್ಚಿಡುವುದಿಲ್ಲ ಎಂದು ಬರೆದಿದ್ದೇನೆ.

ಅಣ್ಣ


ಫೆಬ್ರವರಿ 17

ಅಣ್ಣಾ,

ಕಡ್ಡಿ ಬಂದಳು. ಬರೆಯಲು ತಡವಾಯಿತು, ಬರೆಯುವ ಮನಸ್ಸು ಇರಲಿಲ್ಲ.

ಸುಮ್ಮನೆ ಬಿಟ್ಟು ಬರುವವಳಲ್ಲವಲ್ಲ ಅವಳು. ಅವಳೂ ಉದ್ದಜಡೆಯೂ ಹೋಗಿ ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟರು. ಅಧಿಕಾರಿ ಬರುವ ದಿನ ಮಾಲೀಕ ಬೆಲ್ಟ್ ಹಾಕಿಸಿ ಫ್ಯಾನ್ ತಿರುಗಿಸಿದ್ದನಂತೆ. ಆದರೆ ಕೊಳವೆಯ ಒಳಗೆ ಜೇಡರ ಬಲೆ ಕಟ್ಟಿತ್ತು. ಅಧಿಕಾರಿ ಅದನ್ನು ನೋಡಿ ಶೆಡ್ಡಿಗೆ ಬೀಗ ಹಾಕಿಸಿದ. ನಾನು ಹೆಮ್ಮೆಯಿಂದ ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ.

ಹೋದ ವಾರ ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಬಸ್ಸಿನ ಧೂಳು ಮೈಮೇಲೆ ಹಾಗೇ ಇತ್ತು. ಉದ್ದಜಡೆಯ ತಾಯಿ. ಒಳಗೆ ಬನ್ನಿ ಎಂದೆ. ಬರಲಿಲ್ಲ. ಕೂಗಾಡಲೂ ಇಲ್ಲ. ತಗ್ಗಿದ ದನಿಯಲ್ಲೇ ಕೇಳಿದಳು.

"ನಿಮ್ಮ ಮಗಳಿಗೆ ಮಾವ ಇದ್ದ. ಬಂದು ಹೇಳ್ದ, ಮನೆಗೆ ಕಳಿಸ್ದ. ನನ್ನ ಮಗಳಿಗೆ ಆ ಕೆಲಸ ಬಿಟ್ರೆ ಯಾರಿದ್ರು? ಬೀಗ ಹಾಕಿಸಿದ್ರಿ. ಈಗ ದೂರು ಕೊಟ್ಟೋಳು ಅಂತ ಯಾವ ಕಾರ್ಖಾನೆಯೋರೂ ಅವಳನ್ನ ಗೇಟಿನ ಒಳಗೆ ಬಿಡ್ತಿಲ್ಲ."

ಕಡ್ಡಿ ಒಳಗಿನಿಂದ ಬಂದು, "ಅವಳ ಮೂಗು ಡಾಕ್ಟರಿಗೆ ತೋರಿಸಿದ್ರಾ ಅಮ್ಮ?" ಎಂದಳು.

"ಮೂಗು ಇಟ್ಕೊಂಡು ಏನು ತಿನ್ನೋದವ್ವಾ?" ಎಂದಳು ಆ ಹೆಂಗಸು.

ನೀರು ತಂದುಕೊಟ್ಟೆ. ಕುಡಿದಳು. ಲೋಟವನ್ನು ಕೆಳಗಿಟ್ಟು ಹೊರಟುಹೋದಳು. ಕಡ್ಡಿ ಅವತ್ತಿನಿಂದ ನನ್ನ ಹೊಲಿಗೆ ಯಂತ್ರದ ಎದುರು ಕೂರುತ್ತಾಳೆ, ಹೊಲಿಯುವುದಿಲ್ಲ. ಡಾಕ್ಟರು ಅವಳ ಹುಣ್ಣು ಒಣಗುತ್ತಿದೆ ಅಂದರು. ವಾಸನೆ ಮತ್ತೆ ತಿಳಿಯುತ್ತದೋ ಇಲ್ಲವೋ ಈಗಲೇ ಹೇಳಲಾಗದಂತೆ. ನಾನು ದಿನಾ ಬೆಳಿಗ್ಗೆ ಅವಳ ಮುಂದೆ ಸಾಬೂನು, ಈರುಳ್ಳಿ, ಸೀಮೆಎಣ್ಣೆ ಹಿಡಿದು ಕೇಳುತ್ತೇನೆ. ಅವಳು ಇಲ್ಲ ಇಲ್ಲ ಎಂದು ತಲೆಯಾಡಿಸುತ್ತಾಳೆ. ನಿನ್ನೆ ಹೌದು ಅಂದಳು. ನನ್ನನ್ನು ಸುಮ್ಮನಾಗಿಸಲು ಹೇಳಿದ್ದು ಎಂದು ಗೊತ್ತಾಯಿತು, ಯಾಕೆಂದರೆ ನನ್ನ ಕೈಯಲ್ಲಿ ಆಗ ಏನೂ ಇರಲಿಲ್ಲ.

ಔಷಧ ಮೈಗೆ ಹಿಡಿಯುತ್ತಿದೆಯೇ? ಊಟ ಸೇರುತ್ತದೆಯೇ?

ತಂಗಿ


ಮಾರ್ಚ್ 6

ತಂಗೀ,

ಊಟ ಸೇರುವುದಿಲ್ಲ. ಕೂದಲು ಉದುರಿದೆ. ಮೀಸೆ ನನ್ನ ತಲೆ ನೋಡಿ, "ನಾನು ಮೀಸೆ ಬೋಳಿಸ್ದೆ, ನೀನು ಅದಕ್ಕೂ ಮೇಲೆ ಹೋದೆ" ಎಂದು ನಗಿಸಲು ನೋಡಿದ. ಅವನ ಕಣ್ಣು ತುಂಬಿತ್ತು.

ಆ ತಾಯಿ ಹೇಳಿದ್ದರಲ್ಲಿ ತಪ್ಪಿಲ್ಲ. ಕಡ್ಡಿ ಮಾಡಿದ್ದರಲ್ಲೂ ತಪ್ಪಿಲ್ಲ. ಇವೆರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಎಷ್ಟು ಯೋಚಿಸಿದರೂ ನನಗೆ ಬಗೆಹರಿಯಲಿಲ್ಲ.

ಶೆಡ್ಡಿಗೆ ಬೀಗ ಬಿದ್ದ ಮೇಲೆ ನಮ್ಮಲ್ಲಿ ಲೇಪವಿಲ್ಲದ ದಂಡಗಳು ರಾಶಿ ಬಿದ್ದವು. ಮೇಲಿನವರು ನಮ್ಮ ಹಳೆಯ ತೊಟ್ಟಿಯ ತಗಡು ತೆಗೆಸುತ್ತಿದ್ದಾರೆ. ಅದರ ಮುಂದೆ ನಿಲ್ಲಿಸಲು ಹೊಸದಾಗಿ ಸೇರಿದ ಇಬ್ಬರನ್ನು ಆರಿಸಿದ್ದರು. ಒಬ್ಬಳಿಗೆ ಕಡ್ಡಿಯ ವಯಸ್ಸು. ನಾನು ವ್ಯವಸ್ಥಾಪಕರ ಹತ್ತಿರ ಹೋಗಿ, ಗಾಳಿಯ ಕೊಳವೆ ಹೊಸದು ಹಾಕಿಸಿ, ತೊಟ್ಟಿಯ ಮುಂದೆ ನಾನೇ ನಿಲ್ಲುತ್ತೇನೆ ಎಂದೆ. ಅವರು ನನ್ನ ತಲೆ ನೋಡಿದರು. "ನಿಮಗೆ ಆಗುತ್ತಾ?" ಅಂದರು. ನನ್ನದು ಹೋಗಿಯಾಗಿದೆಯಲ್ಲ ಸಾರ್, ಇನ್ನು ಹೋಗೋದಕ್ಕೆ ಏನಿದೆ ಎಂದೆ. ಒಪ್ಪಿದರು. ಕೊಳವೆ ಹಾಕಿಸಿದರು. ಸೋಮವಾರದಿಂದ ಶುರು.

ಅಣ್ಣ


ಮಾರ್ಚ್ 14

ಅಣ್ಣಾ,

ಹೋಗಿಯಾಗಿದೆ ಎಂದು ಹೇಳಲು ನೀನು ಯಾರು? ನಿನ್ನ ಮೈ ನಿನ್ನೊಬ್ಬನದೇನು? ಇಷ್ಟು ವರ್ಷ ಮುಚ್ಚಿಟ್ಟು ನಮ್ಮನ್ನು ಉಳಿಸಿದೆ ಎಂದು ನೀನು ಅಂದುಕೊಂಡೆ. ಈಗ ಹೇಳಿಕೊಂಡು ಸಾಯುತ್ತೇನೆ ಎನ್ನುತ್ತೀಯ. ಎರಡರಲ್ಲೂ ನನ್ನನ್ನು ಕೇಳಲಿಲ್ಲ.

ಬಿಟ್ಟು ಮನೆಗೆ ಬಾ. ಇದು ಕೇಳಿಕೆ ಅಲ್ಲ. ಏಪ್ರಿಲ್ ಮೊದಲ ವಾರ ನಾನೂ ಕಡ್ಡಿಯೂ ಬರುತ್ತೇವೆ, ನಿನ್ನನ್ನು ಕರೆದುಕೊಂಡು ಹೋಗುತ್ತೇವೆ. ಸಾಮಾನು ಕಟ್ಟಿಡು.

ತಂಗಿ


ಮಾರ್ಚ್ 27

ತಂಗೀ,

ಬನ್ನಿ. ಸಾಮಾನು ಕಟ್ಟುವಷ್ಟು ಏನೂ ಇಲ್ಲ. ಬರುತ್ತೇನೆ, ಜಗಳ ಮಾಡುವುದಿಲ್ಲ. ನನಗೂ ಸುಸ್ತಾಗಿದೆ.

ಆದರೆ ಇವತ್ತು ನಡೆದದ್ದನ್ನು ಈಗಲೇ ಬರೆಯಬೇಕು ಅನಿಸಿತು.

ಇಷ್ಟು ದಿನವೂ ಕೆಲಸ ಶುರು ಮಾಡುವ ಮೊದಲು ಒಂದು ಚೂರು ಕಾಗದ ಹರಿದು ಕೊಳವೆಯ ಬಾಯಿಗೆ ಹಿಡಿದು ನೋಡುತ್ತಿದ್ದೆ. ಗಾಳಿ ಇದ್ದರೆ ಕಾಗದ ಹೋಗಿ ಅಂಟಿಕೊಳ್ಳುತ್ತದೆ. ದಿನಾ ಅಂಟಿಕೊಳ್ಳುತ್ತಿತ್ತು. ಇವತ್ತು ಬೆಳಿಗ್ಗೆ ಹಿಡಿದೆ. ಫ್ಯಾನಿನ ಸದ್ದಿತ್ತು. ಕಾಗದ ಕೆಳಗೆ ಬಿತ್ತು. ಇನ್ನೊಮ್ಮೆ ಹಿಡಿದೆ. ಬಿತ್ತು.

ಕರೆಂಟ್ ಹಾಕಬೇಡಿ ಎಂದೆ. ಮೀಸೆ ಓಡಿಬಂದ.

"ಇವತ್ತೊಂದು ದಿನ ನಡೆಸಣ್ಣ. ಸಂಜೆ ಲಾರಿ ಬರುತ್ತೆ. ನಾಳೆ ರಿಪೇರಿ ಮಾಡಿಸ್ತೀನಿ, ನನ್ನ ಮೇಲೆ ಬಿಡು."

"ನಾಳೆ ರಿಪೇರಿ ಆದ ಮೇಲೆ ನಾಳೆ ನಡೆಸೋಣ."

"ನಿಂಗೇನು ಹೊಸದಾಗಿ ಆಗೋದಿದೆ? ನೀನೇ ಅಂದಿದ್ದಲ್ಲ."

ಅವನು ಕೆಟ್ಟವನಲ್ಲ. ಮೇಲಿನವರು ಅವನ ಕುತ್ತಿಗೆಯ ಮೇಲೂ ಕೂತಿದ್ದಾರೆ. ನನಗೆ ಹೊಸದಾಗಿ ಏನೂ ಆಗೋದಿಲ್ಲ, ಆದರೆ ಮಂಜು ನನ್ನ ಮುಂದೆ ಮಾತ್ರ ನಿಲ್ಲೋದಿಲ್ಲ ಮೀಸೆ, ಕೋಣೆಯಲ್ಲಿ ಆರು ಜನ ಇದ್ದಾರೆ ಎಂದೆ. ಗೋಡೆಯ ಹತ್ತಿರದ ಸ್ಟೂಲು ಎತ್ತಿಕೊಂಡು ಹೊರಗೆ ಬಂದು, ಬಾಗಿಲ ಪಕ್ಕದ ನೆರಳಲ್ಲಿ ಕೂತೆ. ವ್ಯವಸ್ಥಾಪಕರು ಬಂದು ಎದುರು ನಿಂತು ಕೈಗಡಿಯಾರ ನೋಡಿಕೊಂಡರು. ನಿಮ್ಮನ್ನು ದಯೆಯಿಂದ ಇಟ್ಟುಕೊಂಡಿದ್ದು ಎಂದರು. ಹೌದು ಸಾರ್ ಎಂದೆ. ಎದ್ದು ಒಳಗೆ ಹೋಗಿ, ಇಲ್ಲವೇ ಗೇಟಿನ ಹೊರಗೆ ಹೋಗಿ ಎಂದರು. ಎರಡನ್ನೂ ಮಾಡಲಿಲ್ಲ. ಕಾವಲಿನವನನ್ನು ಕರೆತರಲು ಹೋಗಿದ್ದಾರೆ. ಬರುವವರೆಗೆ ಬರೆಯೋಣ ಎಂದು ಜೇಬಿನಲ್ಲಿದ್ದ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೆಟ್ಟದಾಗಿದ್ದರೆ ಮೊಣಕಾಲಿನ ಮೇಲೆ ಬರೆದದ್ದು ಎಂದು ತಿಳಿ.

ಈಗ ಕಡ್ಡಿಯ ವಯಸ್ಸಿನ ಆ ಹೊಸ ಹುಡುಗಿ ಕೈಗವಸು ಬಿಚ್ಚುತ್ತಾ ಹೊರಗೆ ಬಂದಳು. ಏನೂ ಕೇಳದೆ ನೆಲದ ಮೇಲೆ ನನ್ನ ಪಕ್ಕ ಕೂತಳು. ಉಳಿದ ನಾಲ್ವರು ಬಾಗಿಲಲ್ಲೇ ನಿಂತು ನಮ್ಮಿಬ್ಬರನ್ನು ನೋಡುತ್ತಿದ್ದಾರೆ.

ಅಣ್ಣ